ಟೆಂಟ್ ಹಾಕುವ ಜಾಗ ಯಾರ ಗದ್ದೆ? ಶರಾವತಿ ಹಿನ್ನೀರಿನ ಕತೆ

ಮಕ್ಕಳಿಗೆ ಬೇಸಿಗೆ ರಜೆ ಸಿಕ್ಕಿತೆಂದರೆ ಸಾಗರದ ಕಡೆಗೆ ಕಾರುಗಳ ಸಾಲು ಶುರುವಾಗುತ್ತದೆ. ಕಾರಿನ ತಲೆಯ ಮೇಲೆ ಟೆಂಟಿನ ಗಂಟು, ಡಿಕ್ಕಿಯಲ್ಲಿ ಗಾಳ, ಇದ್ದಿಲು, ನೀರಿನ ಬಾಟಲಿ. ಹೊರಟಿರುವುದು ಶರಾವತಿ ಹಿನ್ನೀರಿಗೆ. ನೀರಂಚಿನಲ್ಲಿ ಟೆಂಟ್ ಹಾಕಬೇಕು, ಗಾಳ ಬಿಡಬೇಕು, ಸಂಜೆ ಸೂರ್ಯ ಮುಳುಗುವ ವಿಡಿಯೋ ಮಾಡಬೇಕು. ತಪ್ಪೇನೂ ಇಲ್ಲ, ಜಾಗ ನಿಜಕ್ಕೂ ಚಂದ. ಹಸಿರು ಗುಡ್ಡಗಳ ನಡುವೆ ಬೆರಳು ಚಾಚಿದಂತೆ ಒಳಹೊಕ್ಕ ನೀರು, ಅಲ್ಲಲ್ಲಿ ನಡುಗಡ್ಡೆ, ಮೈಲಿಗಟ್ಟಲೆ ಸದ್ದಿಲ್ಲ.

ಆದರೆ ಟೆಂಟಿನ ಗೂಟ ಹೊಡೆಯುವಾಗ ಕೆಳಗೆ ಒಮ್ಮೆ ನೋಡಿ. ನೀರು ಇಳಿದ ಜಾಗದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಕಾಣುವುದು ಪ್ರಕೃತಿ ಮಾಡಿದ್ದಲ್ಲ. ಅವು ಗದ್ದೆಯ ಬದುಗಳು. ಸಾಲಾಗಿ ನಿಂತಿರುವ ಕಪ್ಪು ಮೋಟುಗಳು ಒಂದು ಕಾಲಕ್ಕೆ ಕಾಡು, ತೋಟ, ಮನೆಯ ಹಿತ್ತಿಲು. ಈ ಕೆರೆಯಂಥ ಸಮುದ್ರಕ್ಕೆ ಅರವತ್ತು ವರ್ಷವಷ್ಟೇ ವಯಸ್ಸು. ಅದರ ಕತೆ ತಿಳಿದು ಹೋದರೆ ನೋಡುವ ಕಣ್ಣು ಬೇರೆಯಾಗುತ್ತದೆ, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಅಳತೆ. ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟುವ ಶರಾವತಿ ಹೊನ್ನಾವರದಲ್ಲಿ ಕಡಲು ಸೇರುವವರೆಗೆ ಹರಿಯುವುದು ಸುಮಾರು 128 ಕಿ.ಮೀ. ಮಾತ್ರ. ಸಣ್ಣ ಹೊಳೆ. ಆದರೆ ಘಟ್ಟದ ನೆತ್ತಿಯ ಮಳೆಯೆಲ್ಲ ಅದರ ಪಾಲು, ಮೇಲಾಗಿ ಜೋಗದಲ್ಲಿ 253 ಮೀಟರ್ ಕೆಳಕ್ಕೆ ಧುಮುಕುತ್ತದೆ. ವಿದ್ಯುತ್ ಎಂಜಿನಿಯರಿಗೆ ಬೇಕಾದ್ದು ಇವೆರಡೇ, ನೀರು ಮತ್ತು ಎತ್ತರ. ಜೋಗಕ್ಕಿಂತ ಸ್ವಲ್ಪ ಮೇಲೆ 1964ರಲ್ಲಿ ಮುಗಿದ ಲಿಂಗನಮಕ್ಕಿ ಅಣೆಕಟ್ಟು ಹಿಡಿದಿಡುವುದು ಸುಮಾರು 151 ಟಿಎಂಸಿ ನೀರು. ಕೆಆರ್‌ಎಸ್‌ನಂಥ ಮೂರು ಕಟ್ಟೆಗಳ ನೀರು ಇದೊಂದರಲ್ಲೇ ಇದೆ ಎಂದುಕೊಳ್ಳಿ. ತುಂಬಿದಾಗ ಮುಳುಗುವ ನೆಲ ಸುಮಾರು 300 ಚದರ ಕಿ.ಮೀ., ಎಕರೆ ಲೆಕ್ಕದಲ್ಲಿ ಎಪ್ಪತ್ತು ಸಾವಿರಕ್ಕೂ ಮೇಲೆ. ಸಾಗರ, ಹೊಸನಗರ ತಾಲ್ಲೂಕುಗಳ ಹೊಳೆಬದಿಯ ಒಳ್ಳೆಯ ಗದ್ದೆ ತೋಟಗಳೆಲ್ಲ ಆ ಲೆಕ್ಕದಲ್ಲಿ ಹೋದವು. ಮಲೆನಾಡಿನಲ್ಲಿ ಗದ್ದೆ ಇರುವುದೇ ಕಣಿವೆಯ ತಳದಲ್ಲಿ. ನೀರು ನಿಲ್ಲುವುದೂ ಅಲ್ಲೇ.

ನೀರಿನೊಳಗೆ ಊರು ಮಾತ್ರ ಮುಳುಗಿಲ್ಲ, ಇನ್ನೊಂದು ಅಣೆಕಟ್ಟೂ ಮುಳುಗಿದೆ. ಮಡೆನೂರು ಎಂಬಲ್ಲಿ ಮೈಸೂರು ಸರಕಾರ ಕಟ್ಟಿದ ಹಿರೇಭಾಸ್ಕರ ಅಣೆಕಟ್ಟು ಅದು. ಜೋಗದ ಮೊದಲ ವಿದ್ಯುತ್ ಯೋಜನೆ 1939ರಲ್ಲಿ ಶುರುವಾಯಿತು. ಮಹಾಯುದ್ಧದ ಕಾಲ, ಸಾಮಾನು ಬರುವುದು ತಡ. ಅಂತೂ 1940ರ ದಶಕದ ಕೊನೆಗೆ ಅಣೆಕಟ್ಟು ಮುಗಿದು ವಿದ್ಯುತ್ ಹರಿಯಿತು. ಕೃಷ್ಣರಾಜೇಂದ್ರರ ಹೆಸರಿನಲ್ಲಿ ಆರಂಭವಾದ ವಿದ್ಯುದಾಗಾರಕ್ಕೆ ಆಮೇಲೆ ಮಹಾತ್ಮ ಗಾಂಧಿಯವರ ಹೆಸರು ಬಂತು. ಅದರ ಶಕ್ತಿ 120 ಮೆಗಾವಾಟ್. ಆ ಕಾಲಕ್ಕೆ ಅದು ದೊಡ್ಡ ಮಾತು.

ಹಿರೇಭಾಸ್ಕರದ ವಿಶೇಷ ಅದರ ಸೈಫನ್. ಗಣೇಶ ಅಯ್ಯರ್ ಎಂಬ ನಮ್ಮದೇ ಎಂಜಿನಿಯರ್ ರೂಪಿಸಿದ್ದು. ಮಾಮೂಲಿ ಅಣೆಕಟ್ಟಿನಲ್ಲಿ ನೀರು ಹೆಚ್ಚಾದರೆ ಗೇಟು ಎತ್ತಬೇಕು, ಗೇಟಿಗೆ ಕರೆಂಟು ಬೇಕು, ಆಳು ಬೇಕು. ಇಲ್ಲಿ ಗೇಟೇ ಇಲ್ಲ. ದೊಡ್ಡ ಆಲಿಕೆಯಂಥ ಕಾಂಕ್ರೀಟ್ ಬಾಯಿ, ಅದರೊಳಗೆ ಸುರುಳಿ, ಮೇಲೊಂದು ಮುಚ್ಚಿಗೆ. ನೀರು ಅಂಚಿಗೆ ಬಂದು ಒಳಗೆ ಬೀಳತೊಡಗಿದಾಗ ಸುಳಿ ಹುಟ್ಟಿ ಒಳಗಿನ ಗಾಳಿಯನ್ನು ಎಳೆದುಕೊಂಡು ಹೋಗುತ್ತದೆ. ಗಾಳಿ ಖಾಲಿಯಾದರೆ ಮುಗಿಯಿತು, ಪೈಪಿನಿಂದ ಬಾಯಲ್ಲಿ ಡೀಸೆಲ್ ಎಳೆದು ಬಿಡುತ್ತೇವಲ್ಲ, ಹಾಗೆ ನೀರು ತಾನಾಗಿಯೇ ಹೊರಗೆ ನುಗ್ಗುತ್ತದೆ. ಮಟ್ಟ ಇಳಿದಾಗ ಗಾಳಿ ಒಳಹೊಕ್ಕು ತಾನಾಗಿಯೇ ನಿಲ್ಲುತ್ತದೆ. ರಾತ್ರಿ ಮಳೆಯಲ್ಲಿ ಯಾರೂ ಓಡಬೇಕಾಗಿಲ್ಲ.

ಇಷ್ಟು ಜಾಣತನದ ಕಟ್ಟೆ ಕೆಲಸ ಮಾಡಿದ್ದು ಹದಿನೈದು ವರ್ಷ ಚಿಲ್ಲರೆ. ಹೊಳೆಯ ಕೆಳಗೆ ಲಿಂಗನಮಕ್ಕಿ ಎದ್ದಾಗ ಹಿರೇಭಾಸ್ಕರ ಅದರ ಹೊಟ್ಟೆಯೊಳಗೆ ಹೋಯಿತು. ಒಡೆಯಲೂ ಇಲ್ಲ, ಹಾಗೆಯೇ ಬಿಟ್ಟರು. ಮಳೆ ಕಡಿಮೆಯಾದ ವರ್ಷ ಮೇ ತಿಂಗಳ ಹೊತ್ತಿಗೆ ಹಿನ್ನೀರು ಚೆನ್ನಾಗಿ ಇಳಿದರೆ ಇಡೀ ಕಟ್ಟೆ ಮೇಲೆ ಬರುತ್ತದೆ. ಗಾರೆ ಕಿತ್ತಿಲ್ಲ, ಕಲ್ಲು ಜರುಗಿಲ್ಲ. ಜನ ನೋಡಲು ಹೋಗುತ್ತಾರೆ. ನನ್ನನ್ನು ಕೇಳಿದರೆ ಜೋಗಕ್ಕಿಂತ ಇದನ್ನೇ ನೋಡಿ ಎನ್ನುತ್ತೇನೆ. ಜೋಗ ಪ್ರತಿ ವರ್ಷ ಮಳೆಗಾಲದಲ್ಲಿ ಇರುತ್ತದೆ, ಇದು ಇರುತ್ತದೆಂಬ ಖಾತ್ರಿ ಇಲ್ಲ. ಕಟ್ಟೆಯ ಮೇಲೆ ಮಕ್ಕಳನ್ನು ಓಡಲು ಮಾತ್ರ ಬಿಡಬೇಡಿ, ಕೈಹಿಡಿ ಗೋಡೆ ನಂಬುವ ಹಾಗಿಲ್ಲ, ಸೈಫನ್ನಿನ ಬಾಯಿ ಬಾವಿಯಷ್ಟು ಆಳ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಮುಳುಗಿದ ಗದ್ದೆ ಯಾರದು?

ಪಹಣಿ ನೋಡಿದರೆ ಉತ್ತರ ಒಂದು, ಗದ್ದೆಗೆ ಇಳಿದು ನೋಡಿದರೆ ಇನ್ನೊಂದು. ಸಾಗರ ಸೀಮೆಯಲ್ಲಿ ಭೂಮಿ ಒಡೆಯರದು, ಉಳುಮೆ ಗೇಣಿದಾರರದು. ಗೇಣಿದಾರರಲ್ಲಿ ಹೆಚ್ಚಿನವರು ದೀವರು. ಗೇಣಿಗೆ ಕಾಗದ ಪತ್ರ ಇರುತ್ತಿದ್ದುದು ಕಡಿಮೆ, ಬಾಯಿಮಾತಿನ ಚಾಲಗೇಣಿಯೇ ಜಾಸ್ತಿ. ಒಡೆಯ ಬಿಡು ಎಂದರೆ ಬಿಡಬೇಕು. ಇದರ ವಿರುದ್ಧ ಇದೇ ತಾಲ್ಲೂಕಿನ ಕಾಗೋಡಿನಲ್ಲಿ 1951ರ ಏಪ್ರಿಲ್‌ನಲ್ಲಿ ರೈತರು ಎದ್ದರು. ಗೇಣಿ ಭತ್ತ ಅಳೆಯುವ ಕೊಳಗದ ಗಾತ್ರದ ಮೇಲಿನ ಜಗಳವದು. ಕೊಳಗ ಸ್ವಲ್ಪ ದೊಡ್ಡದಾದರೂ ವರ್ಷದ ಕೊನೆಗೆ ಒಕ್ಕಲಿನ ಮನೆಯ ಅಕ್ಕಿ ಮಡಿಕೆ ಖಾಲಿ. ಉಳುವ ಗದ್ದೆಗೆ ಇಳಿಯಬೇಡಿ ಎಂದಾಗ ಇಳಿದೇ ಇಳಿದರು, ಜೈಲಿಗೆ ಹೋದರು. ಗಣಪತಿಯಪ್ಪ, ಶಾಂತವೇರಿ ಗೋಪಾಲಗೌಡರ ಹೆಸರು ನಿಮಗೆ ಗೊತ್ತು. ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಇಲ್ಲಿಗೆ ಬಂದು ಬಂಧನಕ್ಕೊಳಗಾದರು. ಮರುವರ್ಷದ ಚುನಾವಣೆಯಲ್ಲಿ ಗೋಪಾಲಗೌಡರನ್ನು ಸಾಗರ ಭಾಗದ ಜನ ವಿಧಾನಸಭೆಗೆ ಕಳಿಸಿದರು.

ಉಳುವವನೇ ಹೊಲದೊಡೆಯ ಎಂಬ ಮಾತಿಗೆ ನಿಜವಾದ ಬಲ ಸಿಕ್ಕಿದ್ದು ದೇವರಾಜ ಅರಸರ ಕಾಲದಲ್ಲಿ, 1974ರ ಮಾರ್ಚ್ 1ರಿಂದ ಜಾರಿಯಾದ ತಿದ್ದುಪಡಿಯಿಂದ. ಭೂನ್ಯಾಯ ಮಂಡಳಿಗೆ ಅರ್ಜಿ ಹಾಕಿ ಸಾವಿರಾರು ಗೇಣಿದಾರರು ಮಾಲೀಕರಾದರು.

ಎರಡು ಇಸವಿಗಳನ್ನು ಅಕ್ಕಪಕ್ಕ ಇಟ್ಟು ನೋಡಿ. ನೀರು ಬಂದದ್ದು 1964. ಕಾನೂನು ಬಂದದ್ದು 1974. ಹತ್ತು ವರ್ಷದ ಅಂತರ. ದಿಣ್ಣೆಯ ಮೇಲಿನ ಊರಿನ ಗೇಣಿದಾರ ಹತ್ತು ವರ್ಷ ಕಾದು ಗದ್ದೆಯ ಒಡೆಯನಾದ. ಅದೇ ಕೊಳಗದ ವಿರುದ್ಧ ಕೂಗಿದ್ದ ತಗ್ಗಿನ ಊರಿನವನು ಅರ್ಜಿ ಹಾಕಲು ಗದ್ದೆಯೇ ಇರಲಿಲ್ಲ. ಪರಿಹಾರ ಹೋಗುವುದು ದಾಖಲೆಯಲ್ಲಿ ಹೆಸರಿದ್ದವರಿಗೆ. ತಲೆಮಾರಿನಿಂದ ಉತ್ತವನ ಹೆಸರು ಎಲ್ಲಿಯೂ ಇಲ್ಲ ಎಂದಮೇಲೆ ಸರಕಾರಕ್ಕೆ ಅವನು ಕಳೆದುಕೊಂಡದ್ದು ಒಂದು ಸೋಗೆ ಮನೆ ಮಾತ್ರ. ಶರಾವತಿ ಮುಳುಗಡೆ ಎಂದಾಗ ಎಲ್ಲರೂ ನಾಡಿಗಾಗಿ ತ್ಯಾಗ ಮಾಡಿದವರು ಎನ್ನುತ್ತಾರೆ. ತ್ಯಾಗ ಮಾಡಲು ವಸ್ತು ತನ್ನದಾಗಿರಬೇಕು. ಇಲ್ಲಿ ಎಷ್ಟೋ ಜನಕ್ಕೆ ಅದು ತಮ್ಮದು ಎಂದು ಹೇಳಿಕೊಳ್ಳುವ ಮೊದಲೇ ಹೋಯಿತು. ಈ ಅನ್ಯಾಯದ ಬಗ್ಗೆ ಮಾತು ಕಡಿಮೆ, ಯಾಕೆಂದರೆ ಇದಕ್ಕೆ ಕಡತವಿಲ್ಲ.

ಮೊದಲ ಅಣೆಕಟ್ಟಿಗೆ ಜಾಗ ಬಿಟ್ಟು ದಿಣ್ಣೆ ಹತ್ತಿದ್ದ ಕೆಲವು ಮನೆಗಳನ್ನು ಎರಡನೆಯದು ಮತ್ತೆ ಎಬ್ಬಿಸಿತು. ಹೊಸನಗರ ತಾಲ್ಲೂಕಿನ ಪಾಡು ಇನ್ನೂ ಕಷ್ಟ. ಲಿಂಗನಮಕ್ಕಿ ಆದಮೇಲೆ ಚಕ್ರಾ, ಸಾವೆಹಕ್ಲು ಕಟ್ಟೆಗಳು ಬಂದವು, ಅವುಗಳ ನೀರು ಕಾಲುವೆಯಲ್ಲಿ ಲಿಂಗನಮಕ್ಕಿಗೇ ಬರುತ್ತದೆ. ಮತ್ತೆ ವಾರಾಹಿ ಯೋಜನೆಯ ಮಾಣಿ ಅಣೆಕಟ್ಟು. ಒಂದೇ ತಾಲ್ಲೂಕು ಎಷ್ಟು ಸಲ ಮುಳುಗಬೇಕು?

ಎದ್ದವರು ಹೋದದ್ದೆಲ್ಲಿಗೆ? ಶಿವಮೊಗ್ಗ, ಭದ್ರಾವತಿ, ತೀರ್ಥಹಳ್ಳಿ, ಸೊರಬ, ಸಾಗರ, ಹೊಸನಗರ ತಾಲ್ಲೂಕುಗಳ ಕಾಡಿನ ಅಂಚಿಗೆ. ಇಲ್ಲಿ ಕಡಿದುಕೊಂಡು ಗೇಯ್ಮೆ ಮಾಡಿ ಎಂದು ಸರಕಾರವೇ ತೋರಿಸಿದ ಜಾಗ. ಜನ ಕಡಿದರು, ಬಾವಿ ತೋಡಿದರು, ಅಡಿಕೆ ಇಟ್ಟರು. ಆದರೆ ಆ ನೆಲ ಕಾಗದದಲ್ಲಿ ಅರಣ್ಯವಾಗಿಯೇ ಉಳಿಯಿತು. ಆಗ ಒಂದು ಸಹಿಯಲ್ಲಿ ಮುಗಿಯಬಹುದಾಗಿದ್ದ ಕೆಲಸ ಯಾರೂ ಮಾಡಲಿಲ್ಲ. 1980ರಲ್ಲಿ ಕೇಂದ್ರದ ಅರಣ್ಯ ಸಂರಕ್ಷಣಾ ಕಾಯ್ದೆ ಬಂತು. ಅಲ್ಲಿಂದ ಮುಂದೆ ಅರಣ್ಯ ಭೂಮಿಯನ್ನು ಬೇರೆ ಉಪಯೋಗಕ್ಕೆ ಬಿಡಲು ದಿಲ್ಲಿಯ ಒಪ್ಪಿಗೆ ಬೇಕು. ರಾಜ್ಯ ಸರಕಾರ ಆ ಒಪ್ಪಿಗೆ ಇಲ್ಲದೆ ಡಿನೋಟಿಫೈ ಮಾಡಿ ಹಕ್ಕುಪತ್ರ ಕೊಡಲು ಹೋಯಿತು, 2021ರಲ್ಲಿ ಹೈಕೋರ್ಟಿನಲ್ಲಿ ಆ ಆದೇಶಗಳು ನಿಲ್ಲಲಿಲ್ಲ. ಅಜ್ಜ ಮುಳುಗಡೆ ಸಂತ್ರಸ್ತ, ಮೊಮ್ಮಗ ಅರಣ್ಯ ಒತ್ತುವರಿದಾರ. ಕಾಡು ಉಳಿಸಬೇಕೆನ್ನುವ ಕಾನೂನಿನ ಮೇಲೆ ನನಗೆ ಸಿಟ್ಟಿಲ್ಲ. 1964ರಿಂದ 1980ರವರೆಗೆ ಹದಿನಾರು ವರ್ಷ ಕಡತದ ಮೇಲೆ ಕೂತವರ ಮೇಲೆ ಇದೆ. ಸಾಲ ಕೇಳಲು ಹೋದಾಗ, ಬೆಳೆ ವಿಮೆ ಕೇಳಲು ಹೋದಾಗ, ಆಸ್ತಿ ಪಾಲಾಗುವಾಗ, ಪ್ರತಿ ಸಲ ಅದೇ ಗೋಡೆ ಎದುರಾಗುತ್ತದೆ.

ಊರು ಬಿಡದೆ ಉಳಿದವರೂ ಇದ್ದಾರೆ. ಕರೂರು, ಬಾರಂಗಿ ಹೋಬಳಿಗಳ ಜನಕ್ಕೆ ನೀರು ಮನೆಯೊಳಗೆ ಬರಲಿಲ್ಲ, ದಾರಿಯ ಮೇಲೆ ಬಂದು ನಿಂತಿತು. ತುಮರಿ, ಬ್ಯಾಕೋಡು ಕಡೆಯವರಿಗೆ ಸಾಗರ ಕಣ್ಣೆದುರಿಗೇ ಇತ್ತು, ನಡುವೆ ಹಿನ್ನೀರು. ಲಾಂಚ್ ಇದ್ದರೆ ಉಂಟು, ಇಲ್ಲದಿದ್ದರೆ ಹೊಸನಗರದ ಕಡೆಯಿಂದ ಸುಮಾರು 80 ಕಿ.ಮೀ. ಸುತ್ತು. ಸಂಜೆಯ ಕೊನೆಯ ಲಾಂಚ್ ಹೋದಮೇಲೆ ಹೆರಿಗೆ ನೋವು ಬಂದರೆ, ಹಾವು ಕಚ್ಚಿದರೆ ಏನು ಮಾಡುವುದು ಎಂಬುದು ಅವರಿಗೆ ಅರವತ್ತು ವರ್ಷದ ಪ್ರಶ್ನೆ. ಬೇಸಿಗೆಯಲ್ಲಿ ನೀರು ತೀರಾ ಇಳಿದರೆ ಲಾಂಚಿಗೆ ವಾಹನ ಹತ್ತಿಸುವುದೂ ನಿಲ್ಲುತ್ತಿತ್ತು. ನಾಡಿಗೆಲ್ಲ ಬೆಳಕು ಕೊಟ್ಟ ನೀರಿನ ಪಕ್ಕದಲ್ಲೇ ಎಷ್ಟೋ ಮನೆಗಳು ಬಹುಕಾಲ ಬುಡ್ಡಿ ದೀಪದಲ್ಲಿದ್ದವು. ಸಿಗಂದೂರು ಚೌಡೇಶ್ವರಿ ದೇವಸ್ಥಾನಕ್ಕೆ ಭಕ್ತರು ಹೆಚ್ಚಿದಮೇಲೆ ಲಾಂಚ್ ಹೆಚ್ಚಿದವು, ಸೇತುವೆಯ ಕೂಗಿಗೂ ಬಲ ಬಂತು. ಅಂಬಾರಗೊಡ್ಲು ಮತ್ತು ಕಳಸವಳ್ಳಿ ನಡುವೆ ಎರಡು ಕಿ.ಮೀ. ಮೀರಿದ ತೂಗು ಮಾದರಿಯ ಸೇತುವೆ ಉದ್ಘಾಟನೆಯಾದದ್ದು 2025ರ ಜುಲೈ 14ರಂದು. ಈಗ ಅದರ ಮೇಲೆ ಗಾಡಿ ನಿಲ್ಲಿಸಿ ಸೆಲ್ಫಿ ತೆಗೆಯುವವರೇ ಒಂದು ಜಾತ್ರೆ.

ಈ ಕತೆಯನ್ನು ಹತ್ತಿರದಿಂದ ನೋಡಿ ಬರೆದವರು ಸಾಗರದ ನಾ. ಡಿಸೋಜ. ಲೋಕೋಪಯೋಗಿ ಇಲಾಖೆಯ ನೌಕರರಾಗಿ ಅಣೆಕಟ್ಟಿನ ಕಾಲದಲ್ಲಿ ಇಲ್ಲೇ ಇದ್ದವರು. ‘ಮುಳುಗಡೆ’, ‘ದ್ವೀಪ’ ಕಾದಂಬರಿಗಳು ಅವರವು. ‘ದ್ವೀಪ’ವನ್ನು ಗಿರೀಶ್ ಕಾಸರವಳ್ಳಿ ಸಿನಿಮಾ ಮಾಡಿದರು, ಸೌಂದರ್ಯ ನಟಿಸಿದ್ದರು, ರಾಷ್ಟ್ರಪ್ರಶಸ್ತಿಯೂ ಬಂತು. ಡಿಸೋಜ 2025ರ ಜನವರಿಯಲ್ಲಿ ತೀರಿಕೊಂಡರು. ಸೇತುವೆ ಉದ್ಘಾಟನೆಗೆ ಆರು ತಿಂಗಳು ಬಾಕಿ ಇತ್ತು.

ಇನ್ನು ಮೀನಿನ ವಿಷಯ. ಗಾಳ ಹಿಡಿದು ಬಂದವರಿಗೆ ಇದು ಬೇಕು.

ಕಟ್ಟೆ ಬಂದಮೇಲೆ ಮೀನೂ ಬದಲಾಯಿತು. ಹೊಳೆಯ ಮೀನು ಹರಿಯುವ ನೀರಿಗೆ, ಕಲ್ಲು ಸಂದಿಗೆ ಹೊಂದಿಕೊಂಡದ್ದು. ನಿಂತ ನೀರಿನಲ್ಲಿ ಅದಕ್ಕೆ ಸುಖವಿಲ್ಲ. ಈಗ ಬಲೆಗೆ ಬೀಳುವ ಕಾಟ್ಲಾ, ರೋಹು ಉತ್ತರದ ನದಿಗಳ ಮೂಲದವು, ಮರಿ ಬಿಟ್ಟು ಬೆಳೆಸಿದವು. ಮೂಲ ನಿವಾಸಿ ಮೀನುಗಳು ಹಳ್ಳಗಳ ಮೇಲ್ಭಾಗಕ್ಕೆ ಸರಿದಿವೆ. 2004 ಮತ್ತು 2006ರಲ್ಲಿ ವಿಜ್ಞಾನಿಗಳು ಶರಾವತಿ ಕಣಿವೆಯಿಂದ ಜಗತ್ತಿಗೇ ಹೊಸದಾದ ಮೂರು ಮೀನು ಜಾತಿಗಳನ್ನು ವಿವರಿಸಿದರು. ಎರಡಕ್ಕೆ ಶರಾವತಿಯ ಹೆಸರು, ಒಂದಕ್ಕೆ ನಾಗೋಡಿಯ ಹೆಸರು. ಬೆರಳುದ್ದದ ಮೀನುಗಳು, ಹುರಿದರೆ ಒಂದು ತುತ್ತೂ ಆಗುವುದಿಲ್ಲ, ಆದರೆ ಇಷ್ಟು ಮುಳುಗಿದಮೇಲೂ ಹಳ್ಳದಲ್ಲಿ ಉಳಿದಿದ್ದವು.

ನಮ್ಮ ಕಡೆ ಮೀನು ಶಿಕಾರಿಯ ರೀತಿಯೇ ಬೇರೆ. ಬೇಸಿಗೆಯಲ್ಲಿ ಕೆರೆಬೇಟೆ. ಊರವರೆಲ್ಲ ಬಿದಿರಿನ ಕೂಣಿ ಹಿಡಿದು ಸೊಂಟದ ಮಟ್ಟದ ಕೆಸರು ನೀರಿಗೆ ಇಳಿದು, ಒತ್ತಿ, ಮೇಲಿನ ಬಾಯಿಂದ ಕೈ ಹಾಕಿ ಮೀನು ಎತ್ತುವುದು. ಮೊದಲ ಮಳೆಗೆ ಹತ್ತುಮೀನು. ಜೂನ್‌ನಲ್ಲಿ ಹೊಸ ನೀರು ಹರಿದ ರಾತ್ರಿ ಮೀನು ಮೊಟ್ಟೆಯಿಡಲು ಹಳ್ಳ ಹತ್ತಿ ಗದ್ದೆಗೆ ಬರುತ್ತದೆ, ಜನ ಟಾರ್ಚು ಕತ್ತಿ ಹಿಡಿದು ಕಾಯುತ್ತಾರೆ. ಕೂಣಿ ಮತ್ತು ಕತ್ತಿ ಎರಡೂ ಹಿನ್ನೀರಿನ ಆಳಕ್ಕೆ ನಡೆಯುವುದಿಲ್ಲ. ಅಲ್ಲಿಗೆ ದೋಣಿ ಬೇಕು, ಉದ್ದ ಬಲೆ ಬೇಕು, ಬಂಡವಾಳ ಬೇಕು, ಮೀನುಗಾರಿಕೆ ಇಲಾಖೆಯ ಪರವಾನಗಿ ಬೇಕು. ಹೀಗಾಗಿ ಮುಳುಗಿದ ಗದ್ದೆಯ ಮೀನು ಮುಳುಗಿದವರಿಗೆ ದಕ್ಕಿದ್ದು ಕಡಿಮೆ. ಹತ್ತುಮೀನಿನ ಆಸೆ ನನಗೂ ಇದೆ, ಆದರೆ ಮೊಟ್ಟೆ ತುಂಬಿದ ಹೊಟ್ಟೆಯದನ್ನು ಮೂಟೆಗಟ್ಟಲೆ ಕಡಿದು ತಂದು ಸ್ಟೇಟಸ್ ಹಾಕುವುದು ನೋಡಿದರೆ ಬೇಜಾರು. ತೋಟೆ ಸಿಡಿಸುವವರ ಬಗ್ಗೆ ಹೇಳುವುದೇ ಬೇಡ, ಕೈ ಕಳೆದುಕೊಂಡವರನ್ನು ಮಲೆನಾಡಿನ ಹಳ್ಳಿಗಳಲ್ಲಿ ನೀವೂ ನೋಡಿರುತ್ತೀರಿ.

ಕ್ಯಾಂಪ್ ಹಾಕಲು ಸರಿಯಾದ ಜಾಗ ಹೊನ್ನೆಮರಡು. ಸಾಗರದಿಂದ ಸುಮಾರು 25 ಕಿ.ಮೀ., ತಾಳಗುಪ್ಪದ ಕಡೆಯಿಂದ ಹೋಗಬೇಕು. ಹರಿಗೋಲು, ಕಯಾಕ್ ಕಲಿಸುತ್ತಾರೆ, ನಡುಗಡ್ಡೆಯಲ್ಲಿ ರಾತ್ರಿ ಉಳಿಸುತ್ತಾರೆ. ಲೈಫ್ ಜಾಕೆಟ್ ಇಲ್ಲದೆ ನೀರಿಗೆ ಬಿಡುವುದಿಲ್ಲ. ಮೊದಲೇ ಹೇಳಿ ಹೋಗಬೇಕು. ಕುಡಿತ, ಡಿಜೆ ಬೇಕೆನ್ನುವವರಿಗೆ ಆ ಜಾಗವಲ್ಲ.

ಬೇರೆ ಕಡೆ ದಂಡೆಯಲ್ಲಿ ಕಂಡಲ್ಲಿ ಟೆಂಟ್ ಹಾಕುವುದಕ್ಕೆ ಎರಡು ತೊಡಕು. ಒಂದು ಕಾನೂನು. ಹಿನ್ನೀರಿನ ಬಹಳಷ್ಟು ಭಾಗ ಶರಾವತಿ ಕಣಿವೆ ಅಭಯಾರಣ್ಯದೊಳಗೆ ಬರುತ್ತದೆ. 2019ರಲ್ಲಿ ಅದನ್ನು ಸಿಂಗಳೀಕಗಳಿಗಾಗಿ ಇನ್ನೂ ವಿಸ್ತರಿಸಲಾಗಿದೆ. ಅದರೊಳಗೆ ಅನುಮತಿ ಇಲ್ಲದೆ ತಂಗುವುದು, ಬೆಂಕಿ ಹಾಕುವುದು, ಮೀನು ಹಿಡಿಯುವುದು ಅಪರಾಧ. ದಂಡೆಯ ಜಾಗ ತನ್ನದೇ ಎಂದು ಯಾರಾದರೂ ದುಡ್ಡು ತೆಗೆದುಕೊಂಡರೆ ಅನುಮತಿ ಪತ್ರ ತೋರಿಸಿ ಎಂದು ಕೇಳಿ.

ಇನ್ನೊಂದು ತೊಡಕು ನೆಲವೇ. ಇದು ಕಡಲ ದಂಡೆಯಂತೆ ನಿಧಾನ ಇಳಿಜಾರಲ್ಲ. ಮೊಣಕಾಲು ನೀರಿನಲ್ಲಿ ನಡೆಯುತ್ತಿದ್ದವನಿಗೆ ಮುಂದಿನ ಹೆಜ್ಜೆಗೆ ಹಳೆಯ ಧರೆ ಬರುತ್ತದೆ, ಬಾವಿ ಬರುತ್ತದೆ, ಹೊಳೆಯ ಮೂಲ ಪಾತ್ರ ಬರುತ್ತದೆ. ಮರದ ಮೋಟುಗಳು ನೀರಿನ ಅಡಿ ಒಂದು ಗೇಣಿನಲ್ಲಿರುತ್ತವೆ, ಕಾಣುವುದಿಲ್ಲ. ಈಜು ಬರುತ್ತದೆ ಎಂದು ಹಾರಿದ ಹುಡುಗರ ಸುದ್ದಿಯನ್ನು ಪ್ರತಿ ಬೇಸಿಗೆ ಬರೆಯಬೇಕಾಗುತ್ತದೆ. ಆ ಸುದ್ದಿ ಕಳಿಸುವುದು ನನಗೆ ಬೇಡದ ಕೆಲಸ. ಗುಂಪಿನಲ್ಲಿ ಒಬ್ಬ ಸ್ಥಳೀಯ ಇಲ್ಲದೆ ನೀರಿಗೆ ಇಳಿಯಬೇಡಿ. ಈ ಬದಿಯಲ್ಲಿ ಬಾವಿ ಎಲ್ಲಿತ್ತು, ಕಾಲುದಾರಿ ಎಲ್ಲಿತ್ತು ಎಂದು ಹೇಳಬಲ್ಲ ಹಿರಿಯರು ಇನ್ನೂ ಇದ್ದಾರೆ. ಊರು ಬಿಡುವಾಗ ಹತ್ತು ವರ್ಷದವರಾಗಿದ್ದವರಿಗೆ ಈಗ ಎಪ್ಪತ್ತು ದಾಟಿದೆ.

ಜೂನ್ ಎರಡನೇ ವಾರಕ್ಕೆ ಟೆಂಟುಗಳು ಹೋಗುತ್ತವೆ, ಮಡೆನೂರಿನ ಕಟ್ಟೆ ಮತ್ತೆ ಒಳಗೆ ಹೋಗುತ್ತದೆ. ಅಲ್ಲಿಂದ ನಮ್ಮಂಥ ವರದಿಗಾರರಿಗೆ ದಿನಾ ಬೆಳಿಗ್ಗೆ ಒಂದೇ ಕೆಲಸ, ಜಲಾಶಯದ ಮಟ್ಟ ಕೇಳಿ ಕಳಿಸುವುದು. ಪತ್ರಿಕೆಯಲ್ಲಿ ಬರುವುದು ಒಂದು ಸಣ್ಣ ಚೌಕ: ಲಿಂಗನಮಕ್ಕಿ, ಗರಿಷ್ಠ ಮಟ್ಟ 1819 ಅಡಿ, ಇಂದಿನ ಮಟ್ಟ ಇಷ್ಟು, ಕಳೆದ ವರ್ಷ ಇದೇ ದಿನ ಇಷ್ಟು. ಶಿವಮೊಗ್ಗ, ಭದ್ರಾವತಿ ಕಡೆಯ ಕಾಲೊನಿಗಳಲ್ಲಿ ಆ ಚೌಕವನ್ನು ಈಗಲೂ ಮೊದಲು ಓದುವ ಅಜ್ಜಂದಿರಿದ್ದಾರೆ. ಯಾವ ಅಡಿಗೆ ಯಾರ ಅಂಗಳ ಮುಳುಗುತ್ತದೆ ಎಂಬ ಲೆಕ್ಕ ಅವರ ತಲೆಯಲ್ಲಿದೆ.